ಇಬ್ಬರಿಗೂ ಒಂದೇ ಭಾಷಣ

ಪ್ರಾಚೀನ ಅಥೆನ್ಸ್‌ನ ನ್ಯಾಯಾಲಯದ ಬಾಗಿಲಲ್ಲಿ ಮಿರ್ತಾಲೆ ಎಳ್ಳಿನ ರೊಟ್ಟಿ ಮಾರುತ್ತಿದ್ದಳು. ಪಕ್ಕದ ಕಲ್ಲುಬೆಂಚಿನ ಮೇಲೆ ತೆಲೆಸ್ ಮತ್ತು ಮಿಕ್ಕಿಯೋನ್ ಬೆನ್ನು ತಿರುಗಿಸಿಕೊಂಡು ಕೂತಿದ್ದರು. ಅಕ್ಕಪಕ್ಕದ ಹೊಲದವರಾದ ಅವರದು ಮಿಕ್ಕಿಯೋನ್ ಕಟ್ಟಿ ನೀರು ತಡೆದ ಗೋಡೆಯ ವ್ಯಾಜ್ಯ. ಅಲ್ಲಿ ವಕೀಲರಿಲ್ಲ, ತಮ್ಮ ವಾದ ತಾವೇ ಹೇಳಬೇಕು; ತೆಲೆಸ್ ತನ್ನ ಭಾಷಣವನ್ನು ಬಾಯಿಪಾಠ ಮಾಡುತ್ತಿದ್ದ.

“ಮಹನೀಯರೇ, ನಾನು ಮಾತು ಬಾರದ ಬಡಪಾಯಿ. ಎದುರಾಳಿಯೋ ಮಾತಿನ ಮಲ್ಲ...”

“ಏಯ್, ಅದು ನನ್ನ ಭಾಷಣ ಕಣೋ. ಎಲ್ಲಿ ಕದ್ದೆ?” ಎಂದ ಮಿಕ್ಕಿಯೋನ್.

“ಕದಿಯೋದ್ಯಾಕೆ? ದುಡ್ಡಿಗೆ ಭಾಷಣ ಬರೆಯೋ ಎವಾಂದ್ರೊಸ್ ಬರ್ಕೊಟ್ಟಿದ್ದು.”

“ನಂಗೂ ಅವನೇ ಬರ್ಕೊಟ್ಟಿದ್ದು.”

ಮಿರ್ತಾಲೆ ರೊಟ್ಟಿ ರೊಟ್ಟಿ ಎಂದು ಕೂಗುವುದನ್ನು ನಿಲ್ಲಿಸಿದಳು.

“ನಿನ್ನದ್ರಲ್ಲೂ ಮುದಿ ತಾಯಿ ಇದಾಳಾ?” ಎಂದು ಕೇಳಿದ ತೆಲೆಸ್.

“ಇದಾಳೆ. ಅಲ್ಲಿ ನಾನು ಅಳ್ಬೇಕು.”

“ನಾನೂ ಅಳ್ಬೇಕು. ನಮ್ಮಮ್ಮ ಹೋಗಿ ಎಷ್ಟು ಕಾಲ ಆಯ್ತೋ, ಹೆಣಕ್ಕೆ ಹೆಗಲು ಕೊಟ್ಟವನೇ ನೀನು.”

“ಒಳ್ಳೇ ಹೆಂಗಸು. ಹೋದಾಗೆಲ್ಲ ಕೈತುಂಬ ಅಂಜೂರ ಕೊಡೋಳು.”

ತೆಲೆಸ್ ಬೆಂಚಿನ ಮೇಲೆ ಇತ್ತ ತಿರುಗಿ ಕೂತ.

“ಗೋಡೇಲಿ ಒಂದು ಕಿಂಡಿ ಬಿಟ್ಟಿದ್ರೆ ಸಾಕಿತ್ತು ಕಣೋ ನಂಗೆ,” ಎಂದ ತೆಲೆಸ್.

“ಹಿಂಗೆ ಕೇಳಿದ್ರೆ ಅವತ್ತೇ ಬಿಡ್ತಿದ್ದೆ. ನೀನು ಬೈದೆ.”

“ಸರಿ, ಏಳು. ಮೊದ್ಲು ಆ ಎವಾಂದ್ರೊಸನ ಕಿವಿ ಹಿಂಡೋಣ.”

“ಬೇಡಪ್ಪ. ಅವನು ಬಾಯಿ ತೆರೆದ್ರೆ ನಾವಿಬ್ರೂ ಇನ್ನೊಂದೊಂದು ಭಾಷಣ ಕೊಂಡ್ಕೊಂಡೇ ಬರೋದು. ಮನೆಗೆ ನಡಿ, ಹಾರೆ ಇದೆ.”

ಒಳಗಿನಿಂದ ಅವರ ಹೆಸರು ಕೂಗಿದಾಗ, ಮಿರ್ತಾಲೆಯಿಂದ ಕೊಂಡ ಒಂದೇ ರೊಟ್ಟಿಯನ್ನು ಮುರಿದು ತಿನ್ನುತ್ತ ಇಬ್ಬರೂ ಬೀದಿಯ ತಿರುವು ದಾಟಿದ್ದರು.