ಮುಚ್ಚಳದ ಮೇಲಿನ ಚೀಟಿ

ಮಧ್ಯಾಹ್ನ ಮೂರು ಗಂಟೆಗೇ ಆಸ್ಪತ್ರೆಯ ಲ್ಯಾಬಿನಲ್ಲಿ ಕತ್ತಲು ಕವಿದಿತ್ತು. ಬೆಳಿಗ್ಗೆ ಹಿಡಿದ ಮಳೆ ಬಿಡುವ ಲಕ್ಷಣವೇ ಇರಲಿಲ್ಲ. ಗೇಟಿನ ಬಳಿ ಮೊಣಕಾಲುದ್ದ ನೀರು ನಿಂತು, ಪಾಳಿ ಮುಗಿದವರೂ ಮನೆಗೆ ಹೋಗಲಾಗದೆ ಒಳಗೇ ಉಳಿದಿದ್ದರು. ಕರೆಂಟು ಬೇರೆ ಹೋಗಿತ್ತು. ಹೊರಗೆ ವರಾಂಡದಲ್ಲಿ ಯಾರೋ ಒಂದೇ ಸಮನೆ ಕೆಮ್ಮುತ್ತಿದ್ದರು.

ಹೊಸದಾಗಿ ಸೇರಿದ ಟೆಕ್ನಿಶಿಯನ್ ಕಿಟಕಿಯ ಬೆಳಕಿನಲ್ಲಿ ಕೂತು, ನಾಳೆಯ ಕಫದ ಡಬ್ಬಿಗಳಿಗೆ ನಂಬರಿನ ಚೀಟಿ ಅಂಟಿಸುತ್ತಿದ್ದಳು. ಅವಳಿಗೆ ಇವತ್ತು ತಲೆ ಕೆಟ್ಟುಹೋಗಿತ್ತು. ಕಫ ತನ್ನಿ ಎಂದರೆ ಜನ ಬಾಯಿಯ ಉಗುಳು ತುಂಬಿಸಿಕೊಂಡು ಬರುತ್ತಾರೆ. ಉಗುಳಿನಲ್ಲಿ ಎದೆಯ ರೋಗದ ಕೀಟಾಣು ಹುಡುಕುವುದಾದರೂ ಹೇಗೆ? ಬೆಳಿಗ್ಗೆಯಿಂದ ಐದು ಜನರನ್ನು ಗದರಿಸಿ ವಾಪಸು ಕಳಿಸಿದ್ದಳು. ಈಗ ಅದನ್ನು ನೆನೆದು ಸ್ವಲ್ಪ ನಾಚಿಕೆಯೂ ಆಗುತ್ತಿತ್ತು.

ಎದುರಿನ ಬೆಂಚಿನಲ್ಲಿ ಆಂಬುಲೆನ್ಸ್ ಡ್ರೈವರ್ ಮತ್ತು ಸಿಸ್ಟರಮ್ಮ ಕೂತಿದ್ದರು. ಸಿಸ್ಟರಮ್ಮ ರಿಟೈರಾಗಿ ಎಷ್ಟೋ ವರ್ಷ ಆಗಿತ್ತು. ಆದರೂ ಹೊಸ ನರ್ಸುಗಳಿಗೆ ಕೈ ತೊಳೆಯುವುದು ಕಲಿಸುತ್ತೇನೆಂದು ವಾರಕ್ಕೊಮ್ಮೆ ಬರುತ್ತಿದ್ದರು. ಅವರು ಒಂದು ಡಬ್ಬಿ ಎತ್ತಿಕೊಂಡು, ಮುಚ್ಚಳದ ಮೇಲಿನ ಚೀಟಿಯನ್ನು ಉಗುರಿನಿಂದ ಕಿತ್ತರು.

"ಮುಚ್ಚಳಕ್ಕೆ ಅಂಟಿಸ್ತಾರೇನೇ? ಡಬ್ಬಿ ಮೈಗೆ ಅಂಟಿಸು."

"ಎಲ್ಲಿ ಅಂಟಿಸಿದ್ರೂ ನಂಬರ್ ನಂಬರೇ ಅಲ್ವಾ ಸಿಸ್ಟರಮ್ಮ?"

"ಅಯ್ಯೋ, ಶುರುವಾಯ್ತು," ಎಂದ ಡ್ರೈವರ್. "ಇನ್ನು ಮಳೆ ನಿಂತ್ರೂ ನಮಗೆ ಬಿಡುಗಡೆ ಇಲ್ಲ."

"ನೀನು ಸುಮ್ನಿರಪ್ಪ, ನೀನು ಕೇಳದಿದ್ರೆ ಕತೆಗೇನೂ ನಷ್ಟ ಇಲ್ಲ," ಎಂದು ಸಿಸ್ಟರಮ್ಮ ಸೆರಗು ಹೊದ್ದುಕೊಂಡರು. ಅವರ ದನಿ ಮಾತ್ರ ತಮಾಷೆಯದಾಗಿರಲಿಲ್ಲ.

"ಕೇಳಿ ಹಾಗಾದ್ರೆ... ನೀವಿಬ್ಬರೂ ಹುಟ್ಟೋಕೆ ಮುಂಚಿನ ಮಾತು. ನಾನು ಗಂಡಸರ ವಾರ್ಡಿನ ಸಿಸ್ಟರು, ಇದೇ ಕಿಟಕಿ ಹಿಂದೆ ನನ್ನ ಒಡಹುಟ್ಟಿದ ತಂಗಿ ಟೆಕ್ನಿಶಿಯನ್ನು. ಅಪ್ಪ ಇಲ್ಲದ ಮನೆ, ನಾನೇ ಓದಿಸಿದವಳು, ಇನ್ನೆರಡು ತಿಂಗಳಿಗೆ ಅವಳ ಕೆಲಸ ಕಾಯಂ ಆಗ್ಬೇಕು. ಇದನ್ನ ನೆನಪಿಟ್ಕೊಳ್ಳಿ...

"ಏಳನೇ ಮಂಚಕ್ಕೆ ಒಬ್ಬ ಟೈಲರ್ ಬಂದ. ಉದ್ದಕ್ಕೆ, ತೆಳ್ಳಗೆ, ಅಂಗಿ ಮೇಲೆ ಯಾವಾಗ್ಲೂ ಎರಡು ದಾರದ ಎಳೆ. ಮೈ ಕೆಂಡ, ಉಸಿರೆಳೆದ್ರೆ ಪಕ್ಕೆಯಲ್ಲಿ ಚುಚ್ಚು, ಎಕ್ಸ್‌ರೇಲಿ ಬಲಗಡೆ ಎದೆ ಅರ್ಧಕ್ಕರ್ಧ ಬೆಳ್ಳಗೆ. ನ್ಯುಮೋನಿಯಾ ಅಂತ ಹೇಳೋಕೆ ದೊಡ್ಡ ಡಾಕ್ಟರೇ ಬೇಕಾ? ಆದ್ರೆ ಯಾವ ಕೀಟಾಣು, ಯಾವ ಔಷಧಿಗೆ ಬಗ್ಗುತ್ತೆ... ಅದಕ್ಕೆ ಕಫ ಬೇಕಲ್ಲ? ಮೊದಲನೇ ಸಲ ಉಗುಳು ಕೊಟ್ಟ, ಬೈದೆ. 'ಎದೆಯೊಳಗಿಂದ ತೆಗಿಯಪ್ಪ' ಅಂದೆ. ಪಾಪ, ಮಂಚದ ಸರಳು ಹಿಡ್ಕೊಂಡು, ಕಣ್ಣುಗುಡ್ಡೆ ಹೊರಗೆ ಬರೋ ಹಾಗೆ ಕೆಮ್ಮಿ ಕೆಮ್ಮಿ, ಇಟ್ಟಿಗೆ ಬಣ್ಣದ ಕಫ ತೆಗೆದು ಕೊಟ್ಟು, 'ಇದು ಕಫಾನೇ ಅಲ್ವಾ ಸಿಸ್ಟರೇ?' ಅಂದ. 'ಶಹಬ್ಬಾಸ್' ಅಂದೆ...

"ಎಂಟನೇ ಮಂಚದಲ್ಲಿ ಒಬ್ಬರು ಮೇಷ್ಟ್ರು, ಅವರದ್ದು ಬರೀ ಹಳದಿ ಕಫ. ಎರಡೂ ಡಬ್ಬಿ ಒಟ್ಟಿಗೆ ಇಲ್ಲಿಗೆ ಬಂದವು, ಚೀಟಿ ಮುಚ್ಚಳದ ಮೇಲೆ. ತಂಗಿ ಎರಡೂ ಮುಚ್ಚಳ ತೆಗೆದಿದ್ಲು, ಯಾರೋ ಕರೆದ್ರು, ಅವಸರದಲ್ಲಿ ಮುಚ್ಚಿ ಎದ್ದು ಹೋದ್ಲು... ಇದರ ಮುಚ್ಚಳ ಅದಕ್ಕೆ, ಅದರದ್ದು ಇದಕ್ಕೆ. ಅಷ್ಟೇ. ಆಮೇಲೆ ಪರೀಕ್ಷೆಗೆ ಇಟ್ಟಿದ್ದು, ಬರೆದಿದ್ದು ಎಲ್ಲ ಮುಚ್ಚಳದ ನಂಬರ್ ನೋಡಿಯೇ.

"ಮೂರನೇ ದಿನ ರಿಪೋರ್ಟ್ ಬಂತು. ಏಳನೇ ನಂಬರಿಗೆ ಈಗ ಕೊಡ್ತಿರೋ ಇಂಜೆಕ್ಷನ್ನೇ ಸಾಕು, ಎಂಟಕ್ಕೆ ಜೋರಾದದ್ದು ಬೇಕು ಅಂತ. ಡಾಕ್ಟರು ನಂಬಿದ್ರು. ನಂಬದೆ ಇನ್ನೇನು ಮಾಡ್ತಾರೆ? ಬೇಡದ ಔಷಧಿ ಬಿದ್ದು ಮೇಷ್ಟ್ರ ಕಿವಿ ಕೇಳದ ಹಾಗಾಯ್ತು. ಟೈಲರ್ ಜ್ವರ ಇಳೀಲಿಲ್ಲ, ತುಟಿ ನೀಲಿ ತಿರುಗ್ತಾ ಬಂತು. ಅವನ ಹೆಂಡತಿ ನನ್ನ ಹಿಂದೆಹಿಂದೇನೇ... 'ಸಿಸ್ಟರೇ, ಔಷಧಿ ಸರಿ ಇದೆಯಂತಲ್ಲ, ಮತ್ತೆ ಯಾಕೆ ಹಿಂಗೆ?'

"ಆರನೇ ದಿನ ಸಾಯಂಕಾಲ ಇಲ್ಲಿಗೆ ಬಂದವಳು ಆ ಮೂಲೆಯ ತಟ್ಟೆಯಲ್ಲಿ ಒಂದು ಡಬ್ಬಿ ನೋಡಿದೆ. ಮುಚ್ಚಳದ ಮೇಲೆ ಎಂಟು ಅಂತಿದೆ, ಒಳಗೆ ಇಟ್ಟಿಗೆ ಬಣ್ಣ... ನನ್ನ ಕೈಯಾರೆ ತಗೊಂಡ ಕಫ, ನನಗೆ ಗೊತ್ತಾಗಲ್ವಾ? ತಂಗಿ ನನ್ನ ಕಾಲು ಹಿಡ್ಕೊಂಡ್ಲು. 'ಅಕ್ಕಾ, ನನ್ನ ಕೆಲಸ ಹೋಗುತ್ತೆ, ನಾಳೆ ಹೊಸ ಕಫ ಕೇಳಿ ತಗೊಳೋಣ, ರಿಪೋರ್ಟ್ ತಾನಾಗೇ ಸರಿ ಹೋಗುತ್ತೆ, ಯಾರಿಗೂ ಗೊತ್ತಾಗಲ್ಲ.' ಡಾಕ್ಟರ ರೂಮು ಹತ್ತು ಹೆಜ್ಜೆ ದೂರ. ಹತ್ತೇ ಹೆಜ್ಜೆ. ನಾನು ಹೋದೆನಾ?"

ಹೊಸ ಟೆಕ್ನಿಶಿಯನ್ ಕೈಯಲ್ಲಿದ್ದ ಚೀಟಿ ಬೆರಳಿಗೇ ಅಂಟಿಕೊಂಡಿತ್ತು.

"ಮಾರನೇ ದಿನ ಬೆಳಿಗ್ಗೆ ಹನ್ನೊಂದಕ್ಕೆ ಅವನು ಹೋದ. ಡಾಕ್ಟರು ಕೇಳಿದ್ರು, 'ರಿಪೋರ್ಟ್ ಸರಿಯಿತ್ತು, ಹೆಂಗಾಯ್ತು ಇದು?' ನನ್ನ ಬಾಯಿಂದ ಏನು ಬಂತು ಗೊತ್ತಾ... 'ರೋಗಿ ಸರಿಯಾಗಿ ಕೊಟ್ಟಿರಲಿಲ್ಲ ಸಾರ್, ಬರೀ ಉಗುಳು.' ಅವರು ಅದನ್ನೇ ಅವನ ಹೆಂಡತಿಗೆ ಹೇಳಿದ್ರು. ಅವಳು ಹೆಣದ ಭುಜ ಹಿಡಿದು ಅಲ್ಲಾಡಿಸ್ತಾ ಅತ್ಲು. 'ಸಿಸ್ಟರು ಅಷ್ಟು ಹೇಳಿದ್ರಲ್ಲ, ಇನ್ನೊಂಚೂರು ಕಷ್ಟಪಟ್ಟು ಕೆಮ್ಮಬಾರದಿತ್ತಾ ನೀನು?' ಅಂತ. ನಾನು ಪಕ್ಕದಲ್ಲೇ ನಿಂತಿದ್ದೆ. ಸತ್ತವರಿಗೆ ಕಿವಿ ಕೇಳಲ್ಲ ಅಂತ ಅಂದ್ಕೊಂಡಿದ್ದೆ...

"ಕೇಳುತ್ತೆ. ಎರಡು ದಿನ ಬಿಟ್ಟು ಹೀಗೇ ಮಳೆ. ಹನ್ನೊಂದು ಗಂಟೆಗೆ, ಕ್ಯೂ ಎಲ್ಲ ಕರಗಿದ ಮೇಲೆ, ಕಿಟಕಿಯಲ್ಲಿ ಉದ್ದನೆಯ ಕೈ ಒಂದು ಡಬ್ಬಿ ಇಟ್ಟಿತಂತೆ. 'ಈ ಸಲ ಸರಿಯಾಗಿ ಕೊಟ್ಟಿದ್ದೀನಿ ಅಲ್ವಾ? ಇದು ಕಫಾನೇ ಅಲ್ವಾ?' ತಂಗಿ ಕಿರುಚಿ ಬಿದ್ಲು. ಹದಿನೈದು ದಿನಕ್ಕೆ ಕೆಲಸ ಬಿಟ್ಲು... ಯಾವ ಕೆಲಸ ಉಳಿಸೋಕೆ ನಾನು ಬಾಯಿ ಮುಚ್ಕೊಂಡಿದ್ದೆನೋ ಅದೇ ಕೆಲಸ! ನನಗೂ ಕಂಡಿದ್ದಾನೆ, ಎಷ್ಟೋ ಸಲ. ಅವನಿಗೆ ಸಿಟ್ಟಿಲ್ಲ ಕಣೇ, ಸಿಟ್ಟಿದ್ದಿದ್ರೆ ತಡ್ಕೋಬಹುದಿತ್ತು. ತಪ್ಪು ತನ್ನದೇ ಅಂತ ನಂಬ್ಕೊಂಡಿದ್ದಾನೆ. 'ನಿನ್ನದಲ್ಲಪ್ಪ, ನಮ್ಮದು' ಅಂತ ಒಂದು ಮಾತು ಹೇಳ್ಬೇಕು ಅಂತಲೇ ನಾನು ಇಲ್ಲಿಗೆ ಬರೋದು. ಎದುರಿಗೆ ನಿಂತ್ರೆ ನಾಲಿಗೆ ಏಳಲ್ಲ..."

ಹೊಸ ಟೆಕ್ನಿಶಿಯನ್ ಬೆರಳಿಗೆ ಅಂಟಿದ್ದ ಚೀಟಿಯನ್ನು ಕಿತ್ತಳು.

"ಸಿಸ್ಟರಮ್ಮ... ಬೆಳಿಗ್ಗೆ ಎಲ್ಲರೂ ಹೋದ ಮೇಲೆ ಕೊನೇಲಿ ಒಬ್ಬರು ಬಂದಿದ್ರು. ಉದ್ದಕ್ಕಿದ್ರು. ಅಂಗಿ ಮೇಲೆ ದಾರ ಇತ್ತು, ಟೈಲರ್ ಇರ್ಬೇಕು ಅಂದ್ಕೊಂಡೆ."

"ಏನಂದೆ?"

"ಐದನೆಯವರು ಅವರು. ನನಗೂ ಸಾಕಾಗಿತ್ತು. ಡಬ್ಬಿ ತೆಗೆದು ಕೂಡ ನೋಡ್ಲಿಲ್ಲ. ಉಗುಳು ಇದು, ಸರಿಯಾಗಿ ಕೆಮ್ಮಿ ತಗೊಂಡು ಬನ್ನಿ ಅಂತ..."

ಸಿಸ್ಟರಮ್ಮ ಬೆರಳೆತ್ತಿ, ಬಾಗಿಲಾಚೆಯ ವರಾಂಡದ ಕಡೆ ತೋರಿಸಿದರು.

"ಬೆಳಿಗ್ಗೆಯಿಂದ ಅಲ್ಲಿ ಯಾರು ಕೆಮ್ತಾ ಇದ್ದಾರೆ ಅಂತ ನೀವ್ಯಾರಾದ್ರೂ ಎದ್ದು ನೋಡಿದ್ರಾ?"