ಗೋಡೆಗೆ ನೀರಿನ ಗೆರೆ ಎಳೆದ ಬಗ್ಗೆ

ನನ್ನ ಹೆಸರು ಶಿವಕುಮಾರಿ ಕೋಂ ಕಾಶಿನಾಥ ಝಳಕಿ, ವಯಸ್ಸು ನಲವತ್ತಾರು, ಉದ್ಯೋಗ ಮನೆಯಲ್ಲಿ ಜೋಳದ ರೊಟ್ಟಿ ಬಡಿದು ಮಾರುವುದು, ಮೂಲ ಊರು ವಿಜಯಪುರ ಜಿಲ್ಲೆ ಇಂಡಿ ತಾಲೂಕು, ಸದ್ಯ ವಾಸ ಬಿ ವಿಂಗ್, ನೆಲಮಹಡಿ, ಮೂರನೇ ನಂಬರಿನ ಫ್ಲ್ಯಾಟ್, ಕಾಂದಿವಲಿ ಪೂರ್ವ, ಮುಂಬೈ. ಮರಾಠಿ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ಈ ಠಾಣೆಯ ಹವಾಲ್ದಾರ್ ಸಾಯಬಣ್ಣ ಅವರು ಕನ್ನಡ ಬಲ್ಲವರಾದ್ದರಿಂದ ನಾನು ಹೇಳಿದಂತೆ ಕನ್ನಡದಲ್ಲೇ ಬರೆದುಕೊಳ್ಳುತ್ತಿದ್ದಾರೆ. ನಾನು ಬಿಲ್ಡಿಂಗ್ ಗೋಡೆಗೆ ಕೆಂಪು ಬಣ್ಣದ ಗೆರೆ ಎಳೆದು ಫ್ಲ್ಯಾಟುಗಳ ಮಾರಾಟ ಕೆಡಿಸಿದ್ದೇನೆಂದು ನಮ್ಮ ಸೊಸೈಟಿ ಸೆಕ್ರೆಟರಿ ಶಶಿಕಾಂತ ಅವರು ದೂರು ಕೊಟ್ಟಿದ್ದು, ಅದರ ಬಗ್ಗೆ ಕೇಳಿದ್ದಕ್ಕೆ ನಾನು ತಿಳಿಸುವುದು ಈ ಕೆಳಗಿನಂತೆ.

ಗೆರೆ ಎಳೆದದ್ದು ನಿಜ. ಎಳೆದವಳು ನಾನೇ. ಇನ್ನೊಬ್ಬರ ಹೆಸರು ಸೇರಿಸುವ ಅಗತ್ಯವಿಲ್ಲ.

ನಾಲ್ಕು ವರ್ಷದ ಹಿಂದೆ ಏಪ್ರಿಲ್ ತಿಂಗಳಲ್ಲಿ ನಾವು ಈ ಫ್ಲ್ಯಾಟ್ ಕೊಂಡೆವು. ನನ್ನ ಯಜಮಾನರು ಮುಲುಂಡ್ ಕಡೆ ಕಟ್ಟಡ ಕೆಲಸದ ಮೇಸ್ತ್ರಿ. ಇಪ್ಪತ್ತೆರಡು ವರ್ಷ ಚಾಳಿನ ಒಂದು ಬಾಡಿಗೆ ಕೋಣೆಯಲ್ಲಿದ್ದು ಉಳಿಸಿದ್ದೆಲ್ಲ ಇದಕ್ಕೆ ಹಾಕಿ, ಮೇಲೆ ಬ್ಯಾಂಕಿನ ಸಾಲ ಮಾಡಿದೆವು. ಬಾಗಿಲಲ್ಲಿ ಮೊಣಕಾಲೆತ್ತರದ ಕಲ್ಲಿನ ಹೊಸ್ತಿಲಿತ್ತು. ಅದನ್ನು ದಾಟಿದರೆ ಒಳಗೆ ಎರಡು ಮೆಟ್ಟಿಲು ಇಳಿಯಬೇಕು. ಪ್ಲಗ್ ಪಾಯಿಂಟುಗಳೆಲ್ಲ ನನ್ನ ಹೆಗಲಿನ ಮಟ್ಟದಲ್ಲಿದ್ದವು. ಅಷ್ಟೆತ್ತರ ಏಕೆ ಎಂದು ಕೇಳಿದಾಗ ಮಾರಿದವರು, ಚಿಕ್ಕ ಮಕ್ಕಳು ಕೈ ಹಾಕಬಾರದೆಂದು ಹಾಗೆ ಮಾಡಿಸಿದ್ದೇವೆ ಎಂದರು. ಹೊಸ್ತಿಲಿನ ಬಗ್ಗೆ ನಾವು ಕೇಳಲೇ ಇಲ್ಲ. ನಮ್ಮ ಕಡೆ ಎತ್ತರದ ಹೊಸ್ತಿಲಿದ್ದರೆ ಮನೆಗೆ ಲಕ್ಷಣ ಎನ್ನುತ್ತಾರೆ. ನಾನು ಮೊದಲ ದಿನವೇ ಅದಕ್ಕೆ ಅರಿಶಿನ ಬಳಿದು ಕುಂಕುಮ ಹಚ್ಚಿದೆ. ಮುಂಬೈಯಲ್ಲಿ ಇಂಥ ಹೊಸ್ತಿಲು ಯಾರಿಗೆ ಸಿಗುತ್ತದೆ ಎಂದು ನಮ್ಮ ಅತ್ತೆ ಸುಂದ್ರವ್ವನವರು ಊರಿಗೆಲ್ಲ ಫೋನು ಮಾಡಿದರು. ಟ್ಯಾಂಕರ್ ಹಿಂದೆ ಕೊಡ ಹಿಡಿದು ಓಡಿದ ಊರಿನವರು ನಾವು. ನೀರು ಕರೆಯದೆ ಮನೆಯೊಳಗೆ ಬರುತ್ತದೆ ಎಂಬುದು ನಮ್ಮ ತಲೆಗೆ ಎಲ್ಲಿಂದ ಹೊಳೆಯಬೇಕು?

ಕಳೆದ ವರ್ಷ ಜುಲೈ ಎಂಟನೇ ತಾರೀಕು ಮಧ್ಯಾಹ್ನ ಎರಡೂವರೆಗೆ ನಾನು ರೊಟ್ಟಿ ಬಡಿಯುತ್ತಿದ್ದಾಗ ಬಚ್ಚಲಿನ ಮೋರಿಯಿಂದ ಕಪ್ಪು ನೀರು ಮೇಲೆ ಬಂತು. ರಾತ್ರಿಯಿಂದ ಸುರಿದ ಮಳೆಗೆ ಬಿಲ್ಡಿಂಗ್ ಹಿಂದಿನ ದೊಡ್ಡ ಚರಂಡಿ ನಾಲಾ ತುಂಬಿ, ನೀರು ಮೋರಿಯಲ್ಲಿ ವಾಪಸು ಬರುತ್ತಿತ್ತು. ಬಟ್ಟೆ ತುರುಕಿದೆ, ನಿಲ್ಲಲಿಲ್ಲ. ಹೊರಗಿನ ನೀರನ್ನು ತಡೆಯಲು ಕಟ್ಟಿದ ಹೊಸ್ತಿಲು ಒಳಗೆ ಬಂದದ್ದನ್ನು ಹೊರಗೆ ಬಿಡಲಿಲ್ಲ. ಅತ್ತೆಗೆ ಎಪ್ಪತ್ತೆಂಟು ವರ್ಷ, ಮಂಡಿ ನೋವು. ಅವರನ್ನು ಅಡುಗೆ ಕಟ್ಟೆಯ ಮೇಲೆ ಕೂರಿಸುವಷ್ಟರಲ್ಲಿ ಫ್ರಿಜ್ ತೇಲಿ ಹೋಗಿ ಬಾಗಿಲಿಗೆ ಅಡ್ಡ ಸಿಕ್ಕಿಕೊಂಡಿತು. ಬಾಗಿಲು ಒಳಮುಖವಾಗಿ ತೆಗೆಯುವಂಥದ್ದು. ಎಷ್ಟು ಎಳೆದರೂ ನಾಲ್ಕು ಬೆರಳು ತೆರೆಯಿತೇ ಹೊರತು ಹೆಚ್ಚು ತೆರೆಯಲಿಲ್ಲ. ಕಿಟಕಿಗೆ ಕಳ್ಳರ ಭಯಕ್ಕೆ ಹಾಕಿಸಿದ ಕಬ್ಬಿಣದ ಗ್ರಿಲ್ ಇತ್ತು. ಕಳ್ಳರು ಯಾರೂ ಬಂದಿರಲಿಲ್ಲ. ನಾವಿಬ್ಬರೂ ಒಳಗಿದ್ದೆವು.

ನೀರು ನನ್ನ ಎದೆಗೆ ಬಂತು. ಕಟ್ಟೆಯ ಮೇಲೆ ಕೂತಿದ್ದ ಅತ್ತೆಯ ತೊಡೆ ಮುಳುಗಿತು. ನಾನು ಅವರ ಸೊಂಟ ತಬ್ಬಿಕೊಂಡು ನಿಂತಿದ್ದೆ. ತಮ್ಮನ್ನು ಬಿಟ್ಟು ಹೋಗು ಎಂದು ಅವರು ಎರಡು ಮೂರು ಸಲ ಹೇಳಿದರು. ಹೋಗುವುದಕ್ಕೆ ದಾರಿ ಇದ್ದಿದ್ದರೆ ನಿಮ್ಮ ಅಪ್ಪಣೆಗೆ ಕಾಯುತ್ತಿದ್ದೆನೇ ಎಂದು ನಾನು ಸಿಟ್ಟಿನಿಂದ ಬೈದೆ. ಮೇಲಿನ ಮಹಡಿಯ ಲಾವಣ್ಯಾ ಅವರು ತಮ್ಮ ಕಿಟಕಿಯಿಂದ ಹಗ್ಗಕ್ಕೆ ಬಾಟಲಿ ಕಟ್ಟಿ ಚಹಾ ಇಳಿಬಿಟ್ಟರು. ಎರಡನೇ ಮಹಡಿಯ ಅನಿಕೇತ್ ಸೊಂಟದವರೆಗೆ ನೀರಿನಲ್ಲಿ ನಿಂತು ಕೈಗರಗಸದಿಂದ ಗ್ರಿಲ್ ಕೊಯ್ದರು, ಮುಗಿಯುವಷ್ಟರಲ್ಲಿ ಕತ್ತಲಾಗಿತ್ತು. ಲೋಕಲ್ ರೈಲು ನಿಂತಿದ್ದರಿಂದ ಯಜಮಾನರು ಮುಲುಂಡಿನಿಂದ ನಡೆದೇ ಬಂದು ರಾತ್ರಿ ಎಂಟು ಗಂಟೆಗೆ ಮುಟ್ಟಿದರು. ಕೊಯ್ದ ಜಾಗದಿಂದ ತಾಯಿಯನ್ನು ಎಳೆದುಕೊಂಡು ಬೆನ್ನ ಮೇಲೆ ಹೊತ್ತು ಮೇಲೆ ಒಯ್ದರು. ಈ ವರ್ಷ ಜೂನ್ ಬಂದದ್ದೇ ಅತ್ತೆ ನೆಲಕ್ಕೆ ಕಾಲಿಡುವುದನ್ನು ಬಿಟ್ಟಿದ್ದಾರೆ. ಊಟ, ನಿದ್ದೆ ಎರಡೂ ಕಟ್ಟೆಯ ಮೇಲೆ. ನಾನು ರೊಟ್ಟಿ ಬಡಿಯುವುದು ಈಗ ಅವರ ಕಾಲ ಬುಡದಲ್ಲಿ.

ನೀರಿಳಿದ ಮೇಲೆ ನಾನು ವಿಚಾರಿಸಿದೆ. ಈ ಬಿಲ್ಡಿಂಗಿಗೆ ನಾವು ಬರುವ ಮೊದಲೂ ಎರಡು ಸಲ ನೀರು ನುಗ್ಗಿದೆ. ರಸ್ತೆ ಏರಿಸಿದಂತೆಲ್ಲ ನಮ್ಮ ನೆಲ ಕೆಳಗಾಗಿದೆ. ಮಳೆಗಾಲದಲ್ಲಿ ನೀರು ನಿಲ್ಲುವ ಜಾಗಗಳಲ್ಲಿ ನಮ್ಮ ಓಣಿಯೂ ಒಂದು ಎಂದು ವಾರ್ಡ್ ಆಫೀಸಿನಲ್ಲಿ ಹೇಳಿದರು. ಕೊಳ್ಳುವ ಮೊದಲು ಬಂದು ಕೇಳಿದ್ದರೆ ಆಗಲೇ ಹೇಳುತ್ತಿದ್ದೆವು ಎಂದೂ ಅಂದರು. ಚಿನ್ನ ಕೊಳ್ಳುವಾಗ ಉಜ್ಜಿ ನೋಡುವ ನಾವು ಮನೆಯನ್ನು ಬಿಸಿಲಿನಲ್ಲಿ ನೋಡಿ ಕೊಂಡಿದ್ದೆವು. ಮೊದಲೇ ಏಕೆ ಹೇಳಲಿಲ್ಲ ಎಂದು ಲಾವಣ್ಯಾ ಅವರನ್ನು ಕೇಳಿದೆ. ಅಷ್ಟರಲ್ಲಿ ನೀವು ಟೋಕನ್ ಮುಂಗಡ ಕೊಟ್ಟಾಗಿತ್ತು, ಹೇಳಿ ಮನಸ್ಸು ಏಕೆ ಕೆಡಿಸುವುದು ಎಂದುಕೊಂಡೆ ಎಂದು ತಲೆ ತಗ್ಗಿಸಿದರು. ದೀಪಾವಳಿಯ ಮೊದಲು ಸೊಸೈಟಿಯವರು ಮೀಟಿಂಗ್ ಮಾಡಿ, ನೀರಿನ ಕಲೆ ಕಾಣದಂತೆ ಬಣ್ಣ ಹೊಡೆಸಬೇಕು, ಹೊರಗಿನವರ ಎದುರು ನೀರಿನ ಮಾತೆತ್ತಬಾರದು ಎಂದು ಠರಾಯಿಸಿದರು. ಒಪ್ಪಿಗೆ ಎಂದು ಯಜಮಾನರೂ ಕೈ ಎತ್ತಿದರು.

ಈ ವರ್ಷ ಮೇ ತಿಂಗಳಲ್ಲಿ ಯಜಮಾನರು ನಮ್ಮ ಫ್ಲ್ಯಾಟ್ ಮಾರಲು ಗಿರಾಕಿ ಕರೆತಂದರು. ಮಲಾಡಿನ ಉಡುಪಿ ಹೋಟೆಲೊಂದರಲ್ಲಿ ಕ್ಯಾಶಿಯರ್ ಆಗಿರುವ ಸುಕೇಶ್ ಮತ್ತು ಅವರ ಹೆಂಡತಿ ಯಕ್ಷಿತಾ. ಆಕೆಗೆ ಆಗ ಏಳು ತಿಂಗಳು. ಕನ್ನಡದವರ ಮನೆ ಎಂದು ಇಬ್ಬರಿಗೂ ಖುಷಿ. ನಾನು ರೊಟ್ಟಿ, ಶೇಂಗಾ ಚಟ್ನಿ ಕೊಟ್ಟೆ. ಆಕೆ ಗೋಡೆ ನೋಡಿ, “ಪ್ಲಗ್ ಎಲ್ಲ ಯಾಕೆ ಇಷ್ಟು ಮೇಲೆ ಉಂಟು?” ಎಂದು ಕೇಳಿದಳು.

ಯಜಮಾನರು, “ಸಣ್ಣ ಹುಡುಗ್ರು ಕೈ ಹಾಕಬಾರ್ದು ಅಂತ ಮಾಡಿಸೇವ್ರಿ” ಎಂದರು.

ನಮಗೆ ಮಾರಿದವರು ಹೇಳಿದ್ದು ಇದೇ ಮಾತು. ನನ್ನ ಕೈಯಲ್ಲಿದ್ದ ತಾಟು ಕೆಳಗಿಟ್ಟೆ. ಆಕೆ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು, ಒಳ್ಳೆಯದಾಯಿತು ಎಂದಳು.

ಅವರು ಹೋದ ಮೇಲೆ ನಾನು ಯಜಮಾನರ ಜೊತೆ ಜಗಳ ತೆಗೆದೆ. ಕೊನೆಗೆ ಅವರು, “ನಮಗ ಯಾರರ ಹೇಳಿದ್ರನು?” ಎಂದರು. ಯಾರೂ ಹೇಳಿರಲಿಲ್ಲ. ಮರುದಿನ ಬೆಳಿಗ್ಗೆ ಅವರು ಕೆಲಸಕ್ಕೆ ಹೋದ ಮೇಲೆ ಹಾರ್ಡ್‌ವೇರ್ ಅಂಗಡಿಯಿಂದ ಕೆಂಪು ಆಯಿಲ್ ಪೇಂಟ್ ತಂದೆ. ನೀರು ನಿಂತಿದ್ದ ಮಟ್ಟಕ್ಕೆ, ನಮ್ಮ ನೆಲದಿಂದ ಮೂರು ಅಡಿ ಹತ್ತು ಇಂಚಿಗೆ, ಮನೆಯೊಳಗೆ ನಾಲ್ಕೂ ಗೋಡೆಗೆ ಗೆರೆ ಎಳೆದೆ. ಅದೇ ಮಟ್ಟ ಹಿಡಿದು ಹೊರಗೆ ಬಾಗಿಲ ಪಕ್ಕಕ್ಕೂ ಎಳೆದೆ. ಬರಹ ಏನೂ ಬರೆದಿಲ್ಲ. ಭಾನುವಾರ ಆ ದಂಪತಿ ಮತ್ತೆ ಬಂದಾಗ ಇದೇನು ಎಂದು ಸುಕೇಶ್ ಕೇಳಿದರು. ಹೇಳಿದೆ. ಅವರು ಒಳಗೆ ಬರದೆ ಹೊಸ್ತಿಲಿನಾಚೆಯೇ ನಿಂತು, ಹೆಂಡತಿಯ ಕೈ ಹಿಡಿದುಕೊಂಡು ಹೋದರು. ಆಕೆ ತಿರುಗಿ ನೋಡಿ ಬರುತ್ತೇನಕ್ಕಾ ಎಂದಳು. ಬರಬೇಡ ಎಂದು ನಾನು ಮನಸ್ಸಿನಲ್ಲೇ ಅಂದುಕೊಂಡೆ.

ಆಮೇಲೆ ಸೆಕ್ರೆಟರಿಯವರು ಹೊರಗಿನ ಗೆರೆಯನ್ನು ಎರಡು ಸಲ ಅಳಿಸಿದರು. ನಾನು ಎರಡು ಸಲವೂ ಎಳೆದೆ. ಡಬ್ಬಿಯಲ್ಲಿ ಇನ್ನೂ ಬಣ್ಣ ಇದೆ.

ಈ ದಿನ ಠಾಣೆಯಲ್ಲಿ ದೂರನ್ನು ನನಗೆ ಓದಿ ಹೇಳಲಾಯಿತು. ಸಹಿ ಮಾಡಿದ ಹನ್ನೊಂದು ಮಂದಿ ಮಾಲೀಕರಲ್ಲಿ ಲಾವಣ್ಯಾ ಅವರ ಹೆಸರಿತ್ತು, ಅನಿಕೇತ್ ಅವರ ತಂದೆಯ ಹೆಸರಿತ್ತು. ಏಳನೆಯದು ಕಾಶಿನಾಥ ಝಳಕಿ. ಸಹಿ ತೋರಿಸಿರಿ ಎಂದೆ. ತೋರಿಸಿದರು. ಅವರದೇ. ಹವಾಲ್ದಾರರು ನೀರು ಕೊಟ್ಟರು. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ, ಗೆರೆ ಅಳಿಸಿ ರಾಜಿಯಾಗಿರಿ ಎಂದು ಅವರು ಬುದ್ಧಿ ಹೇಳಿದರು. ಮೇ ತಿಂಗಳಿಂದ ನಾವು ಒಂದೇ ಕೋಣೆಯಲ್ಲಿ ಉಣ್ಣುತ್ತಲೂ ಇದ್ದೇವೆ, ಮಲಗುತ್ತಲೂ ಇದ್ದೇವೆ ಎಂದು ನಾನು ಹೇಳಿದೆ. ಇದನ್ನು ಬರೆಯುವುದು ಬೇಡ ಎಂದರು. ಬರೆಯಿರಿ ಎಂದೆ.

ನನ್ನ ಯಜಮಾನರ ಮೇಲೆ ನನ್ನದೇನೂ ದೂರಿಲ್ಲ. ಅವರು ಕೆಟ್ಟವರಲ್ಲ. ಈಗಲೂ ಹೊರಗೆ ಬೆಂಚಿನ ಮೇಲೆ ನನ್ನ ಕೊಡೆ ಹಿಡಿದುಕೊಂಡು ಕೂತಿದ್ದಾರೆ. ಬ್ಯಾಂಕಿನ ಕಂತು ಇನ್ನೂ ಹದಿನಾಲ್ಕು ವರ್ಷವಿದೆ. ಆ ಮನೆಯಿಂದ ಹೊರಗೆ ಬೀಳಬೇಕೆಂಬ ಆಸೆ ಅವರಿಗೆಷ್ಟಿದೆಯೋ ನನಗೂ ಅಷ್ಟೇ ಇದೆ. ಆದರೆ ನಾವು ಹೊರಗೆ ಬರಬೇಕೆಂದರೆ ಇನ್ನೊಬ್ಬರು ಒಳಗೆ ಹೋಗಬೇಕು. ಗೆರೆ ಅಳಿಸುವುದಿದ್ದರೆ ಸೊಸೈಟಿಯವರು ಅಳಿಸಲಿ, ಗೋಡೆ ಅವರದು. ನಾನು ಅಳಿಸುವುದಿಲ್ಲ.

ಮೇಲೆ ಬರೆದದ್ದನ್ನು ಹವಾಲ್ದಾರರು ನನಗೆ ಓದಿ ಹೇಳಿದ್ದಾರೆ. ನಾನು ಹೇಳಿದಂತೆಯೇ ಇದೆ, ಹೇಳಿದ್ದೆಲ್ಲ ಸತ್ಯವಿದೆ. ವಿಳಾಸ ಬದಲಾದರೆ ಠಾಣೆಗೆ ತಿಳಿಸಬೇಕೆಂದು ನನಗೆ ಸೂಚಿಸಲಾಗಿದೆ. ಬದಲಾಗುವ ಸಂಭವ ಇಲ್ಲ.

ಸ್ಥಳ: ಕಾಂದಿವಲಿ ಪೂರ್ವ, ಮುಂಬೈ
ದಿನಾಂಕ: 19-06-2025

(ಸಹಿ) ಶಿವಕುಮಾರಿ ಕಾಶಿನಾಥ ಝಳಕಿ