ಮಾವನ ಹೊಲದಲ್ಲಿ ಬಿದ್ದ ಏರೋಪ್ಲೇನು

ಅಲ್ಲ ಕಣೇ ಸಹನಾ, ನಗ್ಬೇಡ ನೀನು. ಮುಳ್ಳು ಕೆಂಪು ಗೆರೆಗೆ ಬಂದೈತೆ ಅಂತ ಗೊತ್ತಿದ್ದೂ ವಸಂತನರಸಾಪುರದಿಂದ ಬಟವಾಡಿಗಂಟ ಸ್ಕೂಟರ್ ಓಡಿಸ್ಕಂಡ್ ಬಂದಿದೀಯಲ್ಲ, ಹೈವೇಲಿ ನಿಂತೋಗಿದ್ರೆ? ತಳ್ಕಂಡ್ ಬರ್ತಿದ್ದೆ ಅಂತೀಯ. ಹೂಂ, ಸ್ಕೂಟರ್ ಆದ್ರೆ ತಳ್ಬೋದು. ಈ ಮನೇಲಿ ಎಲ್ರೂ ನನ್ನ ಆಡ್ಕೋತೀರ, ಅಜ್ಜಂಗೆ ಪೆಟ್ರೋಲ್ ಹುಚ್ಚು, ನಿಮ್ಮಪ್ಪನ ಬೈಕು, ಪಕ್ಕದ್ಮನೆ ಆಟೋ, ಎಲ್ಲಾದ್ರ ಮುಚ್ಚಳ ಬಿಚ್ಚಿ ಬಗ್ಗಿ ನೋಡ್ತಾನೆ ಅಂತ. ನೋಡ್ತೀನಿ. ಯಾಕೆ ಅಂತ ಒಬ್ರೂ ಕೇಳ್ಲಿಲ್ಲ, ಕೇಳಿದ್ರೂ ಹೇಳ್ತಿರ್ಲಿಲ್ಲ ಬುಡು. ಕೂತ್ಕೋ. ಲೋ ಕಾರ್ತಿಕ, ನೀನೂ ಕೂತ್ಕಳೋ, ಆ ಫೋನ್ ಜೇಬಿಗಿಕ್ಕು. ನಿಮ್ಮಜ್ಜಿ ಒಳಗೆ ಮಿಕ್ಸಿ ಹಾಕವ್ಳೆ, ಅವ್ಳಿಗೆ ಕೇಳ್ಸೋಕ್ ಮುಂಚೆ ಹೇಳ್ಬುಡ್ತೀನಿ. ನಾನು ಒಂದು ಏರೋಪ್ಲೇನ್ ಬೀಳ್ಸಿದೀನಿ.

ನಗಾಡಿ, ನಗಾಡಿ. ನಂಗಾಗ ಇಪ್ಪತ್ನಾಕು, ಅಲ್ಲಲ್ಲ, ಇಪ್ಪತ್ತೈದು ತುಂಬಿತ್ತು, ನಿಮ್ಮಜ್ಜಿ ಜೊತೆ ತಾಂಬೂಲ ಆಗಿ ಮದ್ವೆಗೆ ಇನ್ನೊಂದ್ ತಿಂಗ್ಳು ಇತ್ತು. ಸರ್ಕಾರದ ಟೆಂಪರರಿ ಕೆಲ್ಸ, ಅದೇ ನನ್ನ ಮೊದಲ್ನೇ ಕೆಲ್ಸ. ಆ ವರ್ಷ ಗುಬ್ಬಿ ಕಡೆ ಕಡ್ಲೆಕಾಯಿಗೆ ಕಂಬಳಿಹುಳ ಬಿತ್ತು ನೋಡು, ದೇವ್ರೇ, ಹೊಲಕ್ಕೆ ಕಾಲಿಟ್ರೆ ಚಪ್ಪಲಿ ಕೆಳಗೆ ಪಚಪಚ ಅಂತಿತ್ತು, ಮನೆ ಗೋಡೆ ಮೇಲೆ, ತೊಟ್ಲು ಮೇಲೆ, ಎಲ್ಲೆಲ್ಲೂ ಹುಳ. ಅದಕ್ಕೆ ಔಷಧಿ ಹೊಡೆಯೋಕೆ ಒಂದು ಪುಟಾಣಿ ಏರೋಪ್ಲೇನ್ ತರ್ಸಿದ್ರು. ಒಬ್ನೇ ಕೂರೋವಂಥದ್ದು, ಹಳದಿ ಬಣ್ಣದ್ದು. ಗೋಮಾಳ ಸಮ ಮಾಡಿ ಅಲ್ಲಿಂದ್ಲೇ ಏಳೋದು, ಅಲ್ಲೇ ಇಳಿಯೋದು. ನನ್ನ ಕೆಲ್ಸ ಏನು ಗೊತ್ತಾ? ಬಾವುಟ ಹಿಡಿಯೋದು. ಹೊಲದ ತುದೀಲಿ ಬಿದಿರುಕೋಲಿಗೆ ಬಿಳೀ ಬಾವುಟ ಕಟ್ಕಂಡು ನಿಂತ್ಕೋಬೇಕು, ಪ್ಲೇನು ಅದನ್ನೇ ಗುರಿಯಿಟ್ಟು ಬಂದು ಒಂದು ಸಾಲು ಔಷಧಿ ಸುರ್ಕಂಡ್ ಹೋಗುತ್ತೆ, ನಾನು ಹೆಜ್ಜೆ ಎಣಿಸ್ಕಂಡು ಪಕ್ಕಕ್ಕೆ ಸರೀಬೇಕು, ಮತ್ತೆ ಬರುತ್ತೆ. ಸೊಂಟದಲ್ಲಿ ಒಂದು ಕೆಂಪು ಬಾವುಟಾನೂ ಇರೋದು. ಕೆಂಪು ಎತ್ತಿದ್ರೆ, ಇಲ್ಲಿ ಔಷಧಿ ಬಿದ್ದಿಲ್ಲ, ತಿರ್ಗಿ ಬನ್ನಿ ಅಂತ ಅರ್ಥ. ಮೇಲಿಂದ ಅವ್ರು ರೆಕ್ಕೆ ಆ ಕಡೆ ಈ ಕಡೆ ಆಡ್ಸಿದ್ರೆ, ಆಯ್ತು, ವಾಪಸ್ ಹೋಗೋವಷ್ಟೇ ಪೆಟ್ರೋಲ್ ಐತೆ, ಹೊರಟೆ ಅಂತ. ರೇಡಿಯೋ ಗೀಡಿಯೋ ಏನಿಲ್ಲ, ಇಷ್ಟೇ ನಮ್ಮಿಬ್ರ ಮಾತು. ಔಷಧಿ ಭಾರ ಅಂತ ಪೆಟ್ರೋಲ್ ಬೇರೆ ಅಳತೆ ಮಾಡಿ ಹಾಕ್ತಿದ್ರು, ಎಷ್ಟು ಸಾಲೋ ಅಷ್ಟಕ್ಕೆ, ಮೇಲೊಂಚೂರು.

ಪೈಲಟ್ ಹೆಸ್ರು ರಾಮನಾಥ್ ಅಂತ, ಮೈಸೂರು ಕಡೆಯೋರು. ನಮ್ ಜೊತೆ ಹುಣಸೇಮರದ ಕೆಳಗೆ ಕೂತು ಮುದ್ದೆ ಉಣ್ತಿದ್ರು, ಜಂಬ ಅನ್ನೋದಿಲ್ಲ. ಒಂದಿನ ನನ್ನ ಹೆಗಲ ಮೇಲೆ ಕೈಯಿಟ್ಟು, "ನಾಗರಾಜು, ಮೇಲಿಂದ ನಂಗೆ ಎಲ್ಲಾ ಹೊಲಾನೂ ಒಂದೇ ಹಸಿರು ಕಣಯ್ಯ. ಎಲ್ಲಿ ಬಿಟ್ಟೋಗಿದೆ ಅಂತ ನಿಂಗೇ ಗೊತ್ತಾಗೋದು. ನೀನು ಕರೆದ್ರೆ ನಾನು ಬರ್ತೀನಿ" ಅಂದ್ರು. ಹಿಂಗೇ ಅಂದ್ರು, ಒಂದಕ್ಷರ ಮರ್ತಿಲ್ಲ ನಾನು.

ಈಗ ನಮ್ಮಾವನ ವಿಷ್ಯ. ನಿಮ್ಮಜ್ಜಿ ಅಪ್ಪ, ಮರಿಸಿದ್ದಣ್ಣ. ಊರಲ್ಲೆಲ್ಲ ಹೆಸ್ರು ಬರ್ಕೊಳೋಕೆ ಹೋದಾಗ ಈಯಪ್ಪ, "ಆಕಾಶದಿಂದ ವಿಷ ಸುರೀತಾರೆ, ನನ್ನ ಬಾವಿಗೆ ಬಿದ್ರೆ ದನ ಏನ್ ಕುಡೀತವೆ? ನನ್ನ ಹೊಲ ಬೇಡ" ಅಂತ ಖಡಾಖಂಡಿತ ಹೇಳಿ ಕಳಿಸ್ದ. ಸರಿ, ಲಿಸ್ಟಲ್ಲಿ ಅವ್ನ ಹೊಲ ಇಲ್ಲ. ಆಮೇಲೆ ಏನಾಯ್ತು, ಸುತ್ತ ಎಲ್ಲಾ ಕಡೆ ಔಷಧಿ ಬಿತ್ತಲ್ಲ, ಉಳ್ದ ಹುಳ ಎಲ್ಲಾ ದಂಡು ಕಟ್ಕಂಡು ಈಯಪ್ಪನ ಹೊಲಕ್ಕೇ ಬಂದ್ವು. ಕೊನೇ ದಿನ ಬಂದ ನೋಡು ನನ್ ಹತ್ರ, ಟವೆಲ್ ಕೈಯಲ್ಲಿ ಹಿಡ್ಕಂಡು. "ಅಳಿಯಂದ್ರೇ, ತಪ್ಪಾಯ್ತು. ಎರಡೇ ಸಾಲು. ನಿಮ್ ಕೈಯಲ್ಲೈತೆ." ನಾನು "ಆಗಲ್ಲ ಮಾವ, ಲಿಸ್ಟಲ್ಲಿಲ್ಲ" ಅಂದೆ. ಅಂದೆ, ಸುಳ್ಳಲ್ಲ. ಆದ್ರೆ ಅಳಿಯಂದ್ರೇ ಅಂತ ಅಷ್ಟು ದೊಡ್ಡ ಮನುಷ್ಯ ಮೊದಲ್ನೇ ಸಲ ಕರೆದಿದ್ದು, ಎದೆ ಉಬ್ಬೋಗಿತ್ತು ಕಣ್ರೋ. ನಾನೂ ಒಬ್ಬ ಆಫೀಸರ್ರು ಅನ್ನೋ ಹಂಗೆ.

ಬೆಳಿಗ್ಗೆ ಹನ್ನೊಂದಾಗಿತ್ತು. ಲಿಸ್ಟಲ್ಲಿದ್ದ ಕೊನೇ ಸಾಲು ಮುಗೀತು, ರಾಮನಾಥ್ ಸಾಹೇಬ್ರು ರೆಕ್ಕೆ ಆಡ್ಸಿದ್ರು. ಚೆನ್ನಾಗೇ ಆಡ್ಸಿದ್ರು, ಎರಡು ಸಲ. ನಾನು ನೋಡ್ದೆ. ಗೋಮಾಳದ ಕಡೆ ತಿರುಗ್ತಾ ಇತ್ತು ಪ್ಲೇನು. ನಾನು ಓಡೋಗಿ ಮಾವನ ಹೊಲದ ಬದುವಿನ ಮೇಲೆ ನಿಂತು ಕೆಂಪು ಬಾವುಟ ಎತ್ಬುಟ್ಟೆ.

ಮಿಕ್ಸಿ ನಿಂತೋಯ್ತು. ಕೇಳ್ಲಿ ಬುಡು, ಅವ್ಳೂ ಕೇಳ್ಲಿ.

ಬಂದ್ರು. ಕರೆದ್ರೆ ಬರ್ತೀನಿ ಅಂದಿದ್ರಲ್ಲ, ಬಂದ್ರು. ಪಾಪ, ಯಾರದೋ ಹೊಲ ಬಿಟ್ಬಿಟ್ಟಿದೀನಿ ಅಂದ್ಕಂಡಿರ್ಬೇಕು. ಮೊದಲ್ನೇ ಸಾಲು ಸುರ್ಕಂಡ್ ಹೋದ್ರು, ಮಾವ ಆ ಕಡೆ ನಿಂತು ಎರಡೂ ಕೈ ಎತ್ತಿ ಮುಗೀತಾವ್ನೆ. ಅಷ್ಟಕ್ಕೇ ಬಾವುಟ ಇಳಿಸ್ಬೋದಿತ್ತು. ಇಳಿಸ್ಲಿಲ್ಲ ನಾನು, ಪಕ್ಕಕ್ಕೆ ಸರ್ದೆ, ಮತ್ತೆ ಕೆಂಪೇ ಎತ್ತಿದೆ. ಎರಡ್ನೇ ಸಾಲು ಅರ್ಧಕ್ಕೆ ಬಂದಿದ್ರು. ಬಡಬಡ ಬಡಬಡ ಅಂತಿದ್ದ ಸದ್ದು ಒಂದ್ಸಲ ಕೆಮ್ತು, ಇನ್ನೊಂದ್ಸಲ ಕೆಮ್ತು, ನಿಂತೋಯ್ತು. ಬರೀ ಗಾಳಿ ಸದ್ದು. ತೆಂಗಿನಮರದಷ್ಟು ಎತ್ತರದಲ್ಲಿ ಇಂಜಿನ್ ನಿಂತ್ರೆ ಎಲ್ಲಿಗ್ ಹೋಗ್ತಾರೆ? ಹೊಲಕ್ಕೇ ಇಳಿಸಿದ್ರು, ಚೆನ್ನಾಗೇ ಇಳಿಸಿದ್ರು, ಚಕ್ರ ಬದುವಿಗೆ ಹೊಡೀತು, ಪಲ್ಟಿ. ಓಡ್ದೆ. ಬೆಲ್ಟಲ್ಲಿ ತಲೆಕೆಳಗಾಗಿ ನೇತಾಡ್ತಿದ್ರು. ಮಾವ ಕುಡುಗೋಲಲ್ಲಿ ಬೆಲ್ಟ್ ಕುಯ್ದ, ನಾನು ಎಳ್ಕೊಂಡೆ. ಬಲಗಾಲು ಮಂಡಿ ಕೆಳಗೆ ಮುರ್ದಿತ್ತು. ಜನ ಎಲ್ಲಾ, ಸದ್ಯ ಟ್ಯಾಂಕಲ್ಲಿ ಪೆಟ್ರೋಲ್ ಇರ್ಲಿಲ್ಲ, ಇದ್ದಿದ್ರೆ ಬೆಂಕಿ ಹತ್ಕಳ್ತಿತ್ತು, ಪುಣ್ಯಾತ್ಮ ಅಂದ್ರು. ನಾನು ಆ ಗಲಾಟೇಲಿ ಕೆಂಪು ಬಾವುಟಾನ ಕತ್ತಾಳೆ ಮೆಳೆಯೊಳಕ್ಕೆ ತುರುಕಿದೆ. ಯಾರೂ ಹೇಳ್ಕೊಡ್ಲಿಲ್ಲ ಕಣ್ರೋ, ಕೈ ತಾನಾಗೇ ಮಾಡ್ತು.

ಮೂರನೇ ದಿನ ತುಮಕೂರಿಗೆ, ಆಸ್ಪತ್ರೆಗೆ ನೋಡೋಕ್ ಹೋದೆ, ಮೂಸಂಬಿ ತಗೊಂಡು. ಹೇಳ್ಬೇಕು ಅಂತ್ಲೇ ಹೋಗಿದ್ದೆ. ಕಾಲಿಗೆ ಬ್ಯಾಂಡೇಜ್ ಸುತ್ತಿ ಮೇಲಕ್ಕೆ ಕಟ್ಟಿದ್ರು. ನನ್ನ ಕಂಡಿದ್ದೇ, "ಬಾ ನಾಗರಾಜು, ಆ ಎರಡ್ನೇ ಸಾಲು ಅರ್ಧ ಆಗೋಯ್ತಲ್ಲಯ್ಯ. ಯಾರ ಹೊಲ ಪಾಪ?" ಅಂದ್ರು. ಅದನ್ನ ಕೇಳ್ದ್ರು ಮನುಷ್ಯ. ನಾನು ಮೂಸಂಬಿ ಸುಲ್ದುಕೊಟ್ಟು ಬಂದೆ.

ಆಮೇಲೆ ಎನ್ಕ್ವೈರಿ. ಗುಬ್ಬಿಲಿ ಒಂದು ಸ್ಕೂಲ್ ರೂಮಲ್ಲಿ, ಬೆಂಗಳೂರಿಂದ ಬಂದಿದ್ದ ಆಫೀಸರು, ಕನ್ನಡಕದೋರು. ರಾಮನಾಥ್ ಸಾಹೇಬ್ರು ಊರುಗೋಲು ಪಕ್ಕಕ್ಕಿಟ್ಟು ಕುರ್ಚೀಲಿ ಕೂತಿದ್ರು. ಆಫೀಸರು, "ಕೆಂಪು ಬಾವುಟ ಕಾಣಿಸ್ತು, ಅದಕ್ಕೇ ವಾಪಸ್ ಹೋದೆ ಅಂತ ಪೈಲಟ್ ಹೇಳ್ತಾರೆ. ನೀನು ತೋರಿಸ್ದ್ಯಾ?" ಅಂದ್ರು. ಹೌದು ಸಾರ್ ಅನ್ಬೇಕಿತ್ತು. ಎರಡು ಮಾತು. ಕೆಲ್ಸ ಹೋಗುತ್ತೆ, ಕೆಲ್ಸ ಹೋದ್ರೆ ಹೆಣ್ಣು ಕೊಡ್ತಾರೋ ಇಲ್ವೋ, ಎಲ್ಲಾ ಒಟ್ಗೇ ತಲೆಗೆ ಬಂತು. "ಇಲ್ಲ ಸಾರ್, ಬಿಳೀದೇ ಹಿಡ್ದಿದ್ದು, ಆಮೇಲೆ ಸುತ್ತಿಟ್ಟೆ" ಅಂದೆ. ರಾಮನಾಥ್ ಸಾಹೇಬ್ರು ನನ್ನ ನೋಡಿದ್ರು. ಬಯ್ತಾರೆ ಅಂದ್ಕೊಂಡೆ, ಬಯ್ದಿದ್ರೆ ಚೆನ್ನಾಗಿರ್ತಿತ್ತು. ಮೆಲ್ಲಗೆ ಆಫೀಸರ್ ಕಡೆ ತಿರುಗಿ, "ಹಂಗಾದ್ರೆ ನಂಗೇ ಹಂಗೆ ಕಂಡಿರ್ಬೇಕು ಸಾರ್. ಬಿಸಿಲಿತ್ತು. ಇವ್ನು ಸುಳ್ಳು ಹೇಳೋ ಹುಡುಗ ಅಲ್ಲ" ಅಂದ್ರು. ಮುಗೀತು. ಬಾವುಟ ಕಂಡಿದ್ದ ಮಾವನ್ನ ಯಾರೂ ಕರೆದು ಕೇಳ್ಲಿಲ್ಲ, ಪೈಲಟ್ಟೇ ಅಜಾಗರೂಕತೆಯಿಂದ ಪೆಟ್ರೋಲ್ ಖಾಲಿ ಮಾಡ್ಕೊಂಡ ಅಂತ ಬರ್ದ್ರು. ನನ್ನ ಕೆಲ್ಸ ಉಳೀತು, ಪರ್ಮನೆಂಟೂ ಆಯ್ತು, ಮದ್ವೇನೂ ಆಯ್ತು. ಅವ್ರು ಮತ್ತೆ ಪ್ಲೇನ್ ಹತ್ತಲಿಲ್ಲ. ಕಾಲು ವಾಸಿಯಾಗಿತ್ತು ಕಣೇ. ಕಾಲಿಂದ ಬಿಟ್ಟಿದ್ದಲ್ಲ.

ಅದು ಹೆಂಗೆ ಗೊತ್ತಾಯ್ತು ಅಂದ್ರೆ, ನಿಮ್ಮಪ್ಪ ಆಗ ಸ್ಕೂಲಿಗೆ ಹೋಗ್ತಿದ್ದ, ಐದನೇ ಕ್ಲಾಸೋ ಆರನೇದೋ, ಇರ್ಲಿ. ತುಮಕೂರು ಬಸ್ ಸ್ಟ್ಯಾಂಡಲ್ಲಿ ಮಟಮಟ ಮಧ್ಯಾಹ್ನ ನಿಂತಿದ್ದೆ. ಒಬ್ರು ಕುಂಟ್ಕಂಡ್ ಬಂದು ಬಸ್ ಮುಂದೆ ನಿಂತು ಬೋರ್ಡ್ ಓದಿದ್ರು. ಬಾಯ್ಬಿಟ್ಟೇ ಓದಿದ್ರು, "ಕುಣಿಗಲ್" ಅಂತ. ಓದಾದ್ಮೇಲೆ ನನ್ ಕಡೆ ತಿರುಗಿ, "ಇದು ಕುಣಿಗಲ್ ಬಸ್ಸೇ ತಾನೇ?" ಅಂದ್ರು. ರಾಮನಾಥ್ ಸಾಹೇಬ್ರು. ನನ್ನ ಗುರುತು ಹತ್ಲಿಲ್ಲ, ನಾನು ಮೀಸೆ ಗೀಸೆ ಬಿಟ್ಟು ದಪ್ಪ ಆಗಿದ್ದೆ. "ಬೋರ್ಡಲ್ಲೈತಲ್ಲ ಸಾರ್" ಅಂದೆ. ಅವ್ರು ನಕ್ಕು, "ಕಾಣುತ್ತೆ. ಆದ್ರೂ ಒಂದ್ಸಲ ಕೇಳ್ಬಿಡ್ತೀನಿ. ಹಿಂದೆ ಒಂದ್ಸಲ ಇಲ್ಲದ್ದು ಕಂಡು ಎಡವಟ್ಟಾಗಿತ್ತು. ಅವತ್ತಿಂದ ನನ್ನ ಕಣ್ಣನ್ನ ನಾನು ನಂಬಲ್ಲ" ಅಂದ್ರು. ನಾನು ಏನಂದೆ ಗೊತ್ತಾ? "ಹೌದು ಸಾರ್" ಅಂದೆ. "ಹೌದು ಸಾರ್, ಕುಣಿಗಲ್ ಬಸ್ಸೇ." ಅವತ್ತು ಅನ್ಬೇಕಿದ್ದ ಹೌದು ಸಾರ್‌ನ ಒಂದು ಬಸ್ಸಿಗೆ ಅಂದೆ. ಥ್ಯಾಂಕ್ಸ್ ಹೇಳಿ ಹತ್ಕಂಡ್ ಹೋದ್ರು. ಆಮೇಲೆ ವಿಚಾರಿಸ್ದೆ, ಅಲ್ಲಿ ಯಾವುದೋ ಗೋಡೌನಲ್ಲಿ ಕೆಲ್ಸಕ್ಕಿದ್ರಂತೆ. ಎರಡು ಸಲ ಕುಣಿಗಲ್‌ಗೆ ಹೋದೆ, ಎರಡು ಸಲಾನೂ ಕೆರೆ ಏರಿ ಮೇಲೆ ನಿಂತಿದ್ದು ವಾಪಸ್ ಬಂದೆ. ಮೂರನೇ ಸಲ ಧೈರ್ಯ ಮಾಡಿ ಗೋಡೌನ್ ಬಾಗ್ಲಿಗೇ ಹೋದೆ. ತೀರ್ಕೊಂಡ್ರು, ಆರು ತಿಂಗ್ಳಾಯ್ತು ಅಂದ್ರು.

ಬಂದ್ಲು ನೋಡ್ರೋ ನಿಮ್ಮಜ್ಜಿ. ಏನೇ, ಬಾಗ್ಲಲ್ಲಿ ನಿಂತು ಹಂಗ್ ನೋಡ್ತಿದೀಯಾ? ಕೈ ತೊಳ್ಕೋ, ಚಟ್ನಿ ಸುರೀತೈತೆ. ತಪ್ಪನ್ನ ನಿಮ್ಮಪ್ಪನ ಮೇಲೆ ಹಾಕ್ತಿಲ್ಲ ಕಣೇ ನಾನು. ಮಾವ ಬರೀ ಕೇಳ್ದ, ಬಾವುಟ ಎತ್ತಿದ ಕೈ ನಂದು, ಇಲ್ಲ ಅಂದ ಬಾಯೂ ನಂದೇ. ನೋಡ್ರೋ, ಪೆಟ್ರೋಲ್ ಖಾಲಿಯಾದ್ರೆ ಬಂಕ್‌ಗೆ ಹೋಗಿ ತುಂಬಿಸ್ಬೋದು. ಒಬ್ರು ಕಣ್ಣಾರೆ ಕಂಡಿದ್ದನ್ನ ನೀನು ಕಂಡೇ ಇಲ್ಲ ಅಂತ ಮಾತ್ರ ಯಾವತ್ತೂ ಹೇಳ್ಬೇಡಿ. ಹೋಗು ಸಹನಾ, ಶಿರಾ ಗೇಟ್ ಹತ್ರ ಬಂಕ್ ತೆಗ್ದಿರುತ್ತೆ, ಫುಲ್ ಟ್ಯಾಂಕ್ ಹಾಕಿಸ್ಕಂಡ್ ಬಾ.